ಮಾಮಾ ಎಂದರೆ ತಾಯಿ, ದಾದಾ ಎಂದರೆ ಅಕ್ಕ: ತಾಂಜಾನಿಯಾದ ಮನೆಯೊಂದರಲ್ಲಿ ಉಳಿಯಲು ಹೊರಟವರಿಗೆ

ಓದು, ಸ್ವಯಂಸೇವೆ, ಸಂಶೋಧನೆ, ಆರೇಳು ತಿಂಗಳ ಕೆಲಸ ಎಂದು ಮೋಶಿ, ಅರೂಷಾ, ಇರಿಂಗಾ, ಮೊರೊಗೊರೊ ಕಡೆ ಹೋಗಿ ಅಲ್ಲಿನ ಕುಟುಂಬದ ಜೊತೆ ಉಳಿಯುವ ಕನ್ನಡಿಗರಿಗೆ ಮೊದಲ ವಾರ ಎಲ್ಲವೂ ಪರಿಚಿತ ಅನಿಸುತ್ತದೆ. ಅಂಗಳದಲ್ಲಿ ಮೊರ, ಅಡುಗೆಮನೆಯಲ್ಲಿ ತುರಿಮಣೆ, ತಟ್ಟೆಯಲ್ಲಿ ಮುದ್ದೆಯಂಥದ್ದು, ಹೊಸ್ತಿಲ ಹೊರಗೆ ಚಪ್ಪಲಿ, ಬಚ್ಚಲಲ್ಲಿ ಬಕೆಟ್ಟು ಮತ್ತು ಮಗ್ಗು. ಬಲಗೈಯಲ್ಲಿ ಉಣ್ಣುವುದನ್ನು, ಕುಕ್ಕರುಗಾಲಲ್ಲಿ ಕೂರುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎಡವುವುದೂ ಇಲ್ಲೇ. ನಮ್ಮದರಂತೆ ಕಾಣುವ ವಸ್ತು, ನಮ್ಮದರಂತೆ ಕೇಳುವ ಮಾತು ಅಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಹೊಸದನ್ನು ಕೇಳಿ ತಿಳಿದುಕೊಳ್ಳುತ್ತೇವೆ, ಗೊತ್ತಿದೆ ಅಂದುಕೊಂಡದ್ದನ್ನು ಕೇಳುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಅಂಥ ಜಾಗಗಳಿಗೇ ಹೆಚ್ಚು ಒತ್ತು.

ಪೆಟ್ಟಿಗೆ ಕಟ್ಟುವಾಗ

2019ರ ಜೂನ್ 1ರಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಚಪ್ಪಲಿ, ತಿಂಡಿ, ಒಗೆಯುವ ಬಟ್ಟೆ ಎಲ್ಲವನ್ನೂ ಕವರಿನಲ್ಲಿ ಸುತ್ತಿಡುವ ನಮ್ಮ ಅಭ್ಯಾಸ ಬಿಟ್ಟು ಬಟ್ಟೆಯ ಚೀಲ, ಡಬ್ಬಿ ಬಳಸಿ. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಎಲ್ಲ ಬಿಚ್ಚಿ ಕವರು ಒಪ್ಪಿಸಬೇಕಾದೀತು. ವಿದ್ಯುತ್ತು ನಮ್ಮಂತೆಯೇ 230 ವೋಲ್ಟು. ಆದರೆ ಹೆಚ್ಚಿನ ಮನೆಗಳ ಪ್ಲಗ್ಗು ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಬಗೆಯದು, ಅದಕ್ಕೆ ಹೊಂದುವ ಅಡಾಪ್ಟರ್ ಎರಡು ಇಟ್ಟುಕೊಳ್ಳಿ. ಆಫ್ರಿಕಾ ಎಂದರೆ ಬಿಸಿಲು ಎಂದು ನಂಬಿ ಬರೀ ಹತ್ತಿ ಬಟ್ಟೆ ಒಯ್ದವರು ಜೂನ್‌ನಿಂದ ಆಗಸ್ಟ್‌ವರೆಗೆ ಅರೂಷಾ, ಇರಿಂಗಾದಲ್ಲಿ ನಡುಗುತ್ತಾರೆ. ಒಂದು ಸ್ವೆಟರ್ ಇರಲಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ, ಆಗ ಕೆಸರಿಗೆ ತಡೆಯುವ ಚಪ್ಪಲಿ ಬೇಕು. ಹೆಣ್ಣುಮಕ್ಕಳಿಗೆ ಚೂಡಿದಾರ್ ಅಲ್ಲಿಯೂ ಸರಿಯಾದ ಉಡುಪೇ. ಭುಜ ಮತ್ತು ಮೊಣಕಾಲು ಮುಚ್ಚಿದ್ದರೆ ಯಾವ ಮನೆಯಲ್ಲೂ ಕಿರಿಕಿರಿಯಿಲ್ಲ.

ಅಡುಗೆ ಸಾಮಾನಿನಲ್ಲಿ 250 ಗ್ರಾಂ ಹುಳಿಪುಡಿ, 50 ಗ್ರಾಂ ಸಾಸಿವೆ, ಸ್ವಲ್ಪ ಇಂಗು ಸಾಕು. ಬೇಳೆ, ಹುಣಸೆ ಹೊರಬೇಡಿ. ತೊಗರಿಗೆ ಅಲ್ಲಿ ಎಂಬಾಜಿ ಎನ್ನುತ್ತಾರೆ. ಭಾರತ ಆಮದು ಮಾಡಿಕೊಳ್ಳುವ ತೊಗರಿಯಲ್ಲಿ ಒಂದು ಪಾಲು ತಾಂಜಾನಿಯಾದ್ದೇ. ಹುಣಸೆಗೆ ಉಕ್ವಾಜು ಎನ್ನುತ್ತಾರೆ, ಸಂತೆಯಲ್ಲಿ ಸಿಗುತ್ತದೆ.

ಮನೆಯವರಿಗೆ ಕೊಡಲು ಗಂಧದ ಸಾಬೂನು, ಗಟ್ಟಿ ಸ್ಟೀಲ್ ಡಬ್ಬಿ, ಮಕ್ಕಳಿಗೆ ಬಣ್ಣದ ಪೆನ್ಸಿಲು ಒಳ್ಳೆಯದು. ಎಲ್ಲವನ್ನೂ ಮೊದಲ ದಿನವೇ ಸುರಿಯಬೇಡಿ, ಅರ್ಧ ಇಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳಿದೆ.

ಕರೆಯುವ ಹೆಸರು, ಮೊದಲ ಮಾತು

ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಮಾಮಾ ಎಂದರೆ ತಾಯಿ. ಬಾಬಾ ತಂದೆ, ಬಾಬು ಅಜ್ಜ, ಬಿಬಿ ಅಜ್ಜಿ. ದಾದಾ ಎಂದರೆ ಅಕ್ಕ, ಕಾಕಾ ಎಂದರೆ ಅಣ್ಣ. ಸೋದರಮಾವನಿಗೆ ಮಾಮ ಎನ್ನುವವರಿಗೆ, ಚಿಕ್ಕಪ್ಪನಿಗೆ ಕಾಕಾ ಎನ್ನುವ ಉತ್ತರ ಕರ್ನಾಟಕದವರಿಗೆ ಇದು ನಾಲಿಗೆಗೆ ಹೊಂದಲು ವಾರ ಹಿಡಿಯುತ್ತದೆ. ಬಾಯಿಪಾಠ ಮಾಡಿಯೇ ಹೋಗಿ. ಮನೆಯೊಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ನೆರೆಹೊರೆಯವರು ಆಕೆಯನ್ನು ಸಾಮಾನ್ಯವಾಗಿ ಚೊಚ್ಚಲ ಮಗುವಿನ ಹೆಸರಿನಿಂದ ಗುರುತಿಸುತ್ತಾರೆ. ಹಿರಿಯ ಮಗಳು ನೇಮಾ ಆಗಿದ್ದರೆ ಆಕೆ ಮಾಮಾ ನೇಮಾ, ಗಂಡ ಬಾಬಾ ನೇಮಾ. ನೀವು ಬರೀ ಮಾಮಾ, ಬಾಬಾ ಎಂದರೆ ಸಾಕು. ಮನೆಗೆಲಸಕ್ಕೆ ಇರುವ ಹುಡುಗಿಯೂ ದಾದಾ. ಆಕೆಯನ್ನು ಏಯ್ ಎಂದು ಕರೆದರೆ ಮನೆಯವರ ಮನಸ್ಸಿನಲ್ಲಿ ನಿಮ್ಮ ಬೆಲೆ ಆ ಕ್ಷಣವೇ ಇಳಿಯುತ್ತದೆ.

ವಯಸ್ಸಿನಲ್ಲಿ ಹಿರಿಯರು ಕಂಡ ಕೂಡಲೇ ಶಿಕಮೋ ಎನ್ನಬೇಕು. ಅವರು ಮರಹಬಾ ಎನ್ನುತ್ತಾರೆ. ಹೇಳಬೇಕಾದವರು ಕಿರಿಯರು, ಅವರು ಹೇಳಲಿ ಎಂದು ಕಾಯುವಂತಿಲ್ಲ. ದಿನಕ್ಕೆ ಒಂದು ಸಲ, ಬೆಳಗ್ಗೆ ಕೋಣೆಯಿಂದ ಹೊರಬಂದ ತಕ್ಷಣ, ಮನೆಯ ಪ್ರತಿ ಹಿರಿಯರಿಗೂ ಬೇರೆ ಬೇರೆಯಾಗಿ ಹೇಳಿ. ನಿಮ್ಮ ಓರಗೆಯವರಿಗೆ ಹೇಳಿದರೆ ಅವರಿಗೆ ಮುಜುಗರ. ಅವರಿಗೆ ಮಾಂಬೊ ಎಂದರೆ ಪೋವಾ ಎನ್ನುತ್ತಾರೆ, ಅಷ್ಟೇ. ಶಿಕಮೋ ಆದ ಮೇಲೆ ಹಬಾರಿ ಶುರು: ಹಬಾರಿ ಜಾ ಅಸುಬುಹಿ (ಬೆಳಗು ಹೇಗಿದೆ), ಹಬಾರಿ ಜಾ ಕಾಜಿ (ಕೆಲಸ ಹೇಗಿದೆ). ಎಲ್ಲದಕ್ಕೂ ಉತ್ತರ ನ್ಜೂರಿ, ಅಂದರೆ ಚೆನ್ನಾಗಿದೆ. ತಲೆನೋವಿದ್ದರೂ ಮೊದಲು ನ್ಜೂರಿ ಎಂದು, ಆಮೇಲೆ ತಲೆನೋವು ಹೇಳಿ.

ನಮ್ಮಲ್ಲಿ ಮನೆಯವರನ್ನು ಕಂಡರೆ ಒಂದು ನಗು ಸಾಕು, ನೇರವಾಗಿ ವಿಷಯಕ್ಕೆ ಬರುತ್ತೇವೆ. ಅಲ್ಲಿ ಅದು ನಡೆಯದು. ಅಂಗಡಿಯಲ್ಲಿ ಉಪ್ಪು ಕೇಳುವ ಮುಂಚೆಯೂ ಎರಡು ಹಬಾರಿ ಆಗಬೇಕು. ಕೇಳುವಾಗ ನತಾಕಾ (ನನಗೆ ಬೇಕು) ಎನ್ನದೆ ನವೋಂಬಾ (ದಯವಿಟ್ಟು ಕೊಡಿ ಎಂಬ ಅರ್ಥ) ಎನ್ನಿ. ನಾವು ತಲೆಯನ್ನು ಅತ್ತಿತ್ತ ಆಡಿಸಿ ಹೂಂ ಅನ್ನುವುದು ಅವರಿಗೆ ಇಲ್ಲ ಎಂದು ಕಾಣಬಹುದು. ಬಾಯಿ ಬಿಟ್ಟು ನ್ದಿಯೊ (ಹೌದು) ಅಥವಾ ಹಪಾನಾ (ಇಲ್ಲ) ಎಂದುಬಿಡಿ.

ಇನ್ನೊಂದು ಪದ ಪೋಲೆ. ಯಾರಾದರೂ ಎಡವಿದರೆ ಪೋಲೆ. ಬಿಸಿಲಲ್ಲಿ ಅಗೆಯುತ್ತಿದ್ದರೆ ಪೋಲೆ ನಾ ಕಾಜಿ. ಪ್ರಯಾಣ ಮುಗಿಸಿ ಬಂದರೆ ಪೋಲೆ ನಾ ಸಫಾರಿ. ನಮ್ಮ ‘ಅಯ್ಯೋ ಪಾಪ’, ‘ದಣಿವಾಯ್ತಾ’ ಎರಡೂ ಅದರೊಳಗಿವೆ. ಆದರೆ ತಪ್ಪು ನಿಮ್ಮದಾಗಿದ್ದರೆ ಪೋಲೆ ಸಾಲದು, ಸಮಹಾನಿ ಎಂದು ಕ್ಷಮೆ ಕೇಳಬೇಕು.

ಬೇರೆ ಮನೆಗೆ ಹೋದಾಗ ಹೊರಗೆ ನಿಂತು ಹೋಡಿ ಎಂದು ಕೂಗಿ, ಒಳಗಿನಿಂದ ಕರೀಬು ಎಂಬ ದನಿ ಬರುವವರೆಗೂ ಕಾಲಿಡಬೇಡಿ. ಬಾಗಿಲು ತೆರೆದೇ ಇದ್ದರೂ ಅಷ್ಟೇ.

ಗಡಿಯಾರ

ಸ್ವಾಹಿಲಿ ಹೊತ್ತಿನ ಲೆಕ್ಕ ಸೂರ್ಯೋದಯದಿಂದ ಶುರುವಾಗುತ್ತದೆ. ಬೆಳಗಿನ 7 ಗಂಟೆಗೆ ಸಾ ಮೋಜಾ, ಅಂದರೆ ಒಂದು ಗಂಟೆ. ಮಧ್ಯಾಹ್ನ 12ಕ್ಕೆ ಸಾ ಸಿತಾ, ಆರು ಗಂಟೆ. ರಾತ್ರಿ 8ಕ್ಕೆ ಸಾ ಎಂಬಿಲಿ, ಎರಡು ಗಂಟೆ. ಲೆಕ್ಕ ಸುಲಭ: ಮುಳ್ಳಿನ ಕೈಗಡಿಯಾರದಲ್ಲಿ ಚಿಕ್ಕ ಮುಳ್ಳು ತೋರಿಸುವ ಅಂಕಿಯ ಎದುರು ಬದಿಯ ಅಂಕಿಯನ್ನು ಓದಿದರೆ ಅದೇ ಸ್ವಾಹಿಲಿ ಗಂಟೆ. ಹಾಗಾಗಿ ಒಂದು ಅಗ್ಗದ ಮುಳ್ಳಿನ ಗಡಿಯಾರ ಕಟ್ಟಿಕೊಳ್ಳುವುದು ಜಾಣತನ.

ಗೊಂದಲ ಹುಟ್ಟುವುದು ನೀವು ಇಂಗ್ಲಿಷಿನಲ್ಲೂ ಅವರು ಸ್ವಾಹಿಲಿಯಲ್ಲೂ ಯೋಚಿಸುವಾಗ. ‘ಎರಡು ಗಂಟೆಗೆ ಊಟ’ ಎಂದು ಮಾಮಾ ಇಂಗ್ಲಿಷಿನಲ್ಲಿ ಹೇಳಿದರೂ ಮನಸ್ಸಿನಲ್ಲಿರುವುದು ರಾತ್ರಿ 8 ಇರಬಹುದು. ಪ್ರತಿ ಸಲವೂ ಹೊತ್ತಿನ ಹೆಸರು ಸೇರಿಸಿ ಕೇಳಿ: ಅಸುಬುಹಿ ಬೆಳಗ್ಗೆ, ಮ್ಚಾನಾ ಮಧ್ಯಾಹ್ನ, ಜಿಯೋನಿ ಸಂಜೆ, ಉಸಿಕು ರಾತ್ರಿ. ಬಸ್ ಟಿಕೆಟಿನಲ್ಲಿ 12:00 ಎಂದು ಬರೆದಿದ್ದರೆ ಅದು ಬೆಳಗಿನ 6 ಇರಬಹುದು. ಟಿಕೆಟ್ ಕೊಡುವಾತನನ್ನು ಅಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ, ಎಷ್ಟೋ ಜನ ಬಸ್ಸು ತಪ್ಪಿಸಿಕೊಳ್ಳುವುದು ಇದರಿಂದಲೇ.

ಸಮಭಾಜಕದ ಹತ್ತಿರದ ನಾಡಾದ್ದರಿಂದ ವರ್ಷವಿಡೀ ಸಂಜೆ ಆರೂವರೆ, ಏಳರೊಳಗೆ ಕತ್ತಲು. ಕತ್ತಲಾದ ಮೇಲೆ ಹೊರಗಿರುವ ಅತಿಥಿಗಾಗಿ ಇಡೀ ಮನೆ ಕಾಯುತ್ತದೆ, ಗೇಟಿಗೆ ಬೀಗ ಹಾಕಿರುವುದಿಲ್ಲ. ಹೊರಡುವಾಗ ಎಲ್ಲಿಗೆ, ಎಷ್ಟಕ್ಕೆ ವಾಪಸು ಎಂದು ಹೇಳಿ ಹೋಗಿ. ತಡವಾದರೆ ಫೋನು ಮಾಡಿ. ಇದನ್ನು ಕಾವಲು ಎಂದುಕೊಳ್ಳಬೇಡಿ. ನಿಮಗೆ ಏನಾದರೂ ಆದರೆ ಬೀದಿಯವರಿಗೆ ಉತ್ತರ ಹೇಳಬೇಕಾದವರು ಅವರು.

ಊಟ: ಮೋಸ ಹೋಗುವ ಹೆಸರುಗಳು

ಸಸ್ಯಾಹಾರಿಗಳು ಈ ಭಾಗವನ್ನು ಎರಡು ಸಲ ಓದಿ. ಮಾಂಸ ತಿನ್ನುವುದಿಲ್ಲ ಎನ್ನಲು ಸಿಲಿ ನ್ಯಾಮಾ ಎಂದರೆ ಸಾಲದು. ನ್ಯಾಮಾ ಎಂದರೆ ಅವರ ಬಾಯಲ್ಲಿ ದನ ಅಥವಾ ಆಡಿನ ಮಾಂಸ. ಕೋಳಿ, ಮೀನು ಅದರಲ್ಲಿ ಸೇರುವುದಿಲ್ಲ. ಹೀಗಾಗಿ ಮೊದಲ ರಾತ್ರಿ ಪ್ರೀತಿಯಿಂದ ಕೋಳಿ ಕೊಯ್ದು ಬಡಿಸುತ್ತಾರೆ, ಅದು ಅತಿಥಿಗೆ ಮಾಡುವ ದೊಡ್ಡ ಸತ್ಕಾರ. ಪೂರ್ತಿ ವಾಕ್ಯ ಕಲಿಯಿರಿ: ಸಿಲಿ ನ್ಯಾಮಾ, ಕುಕು, ಸಮಾಕಿ ವಾಲಾ ದಗಾ. ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ, ದಗಾ ಕೂಡ ತಿನ್ನುವುದಿಲ್ಲ. ದಗಾ ಎಂದರೆ ಒಣಗಿಸಿದ ಪುಟ್ಟ ಮೀನು. ಅದನ್ನು ಪುಡಿ ಮಾಡಿ ಸೊಪ್ಪಿಗೆ ರುಚಿಗಾಗಿ ಸೇರಿಸುವುದುಂಟು. ಮೊಟ್ಟೆಯೂ ಬೇಡವಾದರೆ ಮಯಾಯಿ ಸೇರಿಸಿ. ಕಾರಣ ಕೇಳಿದರೆ ಧರ್ಮದ ಕಟ್ಟುಪಾಡು (ದೀನಿ) ಎನ್ನಿ. ಅಲ್ಲಿ ಒಂದೇ ಬೀದಿಯಲ್ಲಿ ಮುಸ್ಲಿಮರು, ಕ್ರೈಸ್ತರು ಕೂಡಿ ಬಾಳುತ್ತಾರೆ. ಒಬ್ಬರು ತಿನ್ನುವುದನ್ನು ಇನ್ನೊಬ್ಬರು ತಿನ್ನದಿರುವುದು ಅವರಿಗೆ ಹೊಸದಲ್ಲ. ‘ಇಷ್ಟವಿಲ್ಲ’ ಎಂದರೆ ಮಾತ್ರ ಬೇಸರ. ಈ ಮಾತನ್ನು ಹೋಗಿ ಸೇರುವ ಮುಂಚೆಯೇ, ವ್ಯವಸ್ಥೆ ಮಾಡಿದವರ ಮೂಲಕ ತಿಳಿಸಿಬಿಡಿ.

ಇನ್ನು ಹೆಸರುಗಳು. ಪಿಲಾವು ಎಂದರೆ ನಮ್ಮ ತರಕಾರಿ ಪಲಾವಲ್ಲ. ಮನೆಯಲ್ಲಿ ಅದಕ್ಕೆ ಮಾಂಸ ಅಥವಾ ಮಾಂಸ ಬೇಯಿಸಿದ ನೀರು ಬಿದ್ದೇ ಇರುತ್ತದೆ. ಸಂಬುಸಾ ಎಂದರೆ ಸಮೋಸಾ, ಒಳಗೆ ಸಾಮಾನ್ಯವಾಗಿ ಖೀಮಾ. ಮ್ತೋರಿ ಎಂಬ ಬಾಳೆಕಾಯಿಯ ಗಂಜಿ ಕಿಲಿಮಂಜಾರೋ ಸೀಮೆಯ ಚಾಗಾ ಜನರ ಹೆಮ್ಮೆಯ ಅಡುಗೆ. ನೋಡಲು ಬರೀ ಬಾಳೆಕಾಯಿ, ಬೆಂದಿರುವುದು ದನದ ಮಾಂಸದ ಜೊತೆ. ಎಲ್ಲಕ್ಕಿಂತ ದೊಡ್ಡ ಗೊಂದಲ ಎಂಬೋಗಾ. ನಿಘಂಟಿನಲ್ಲಿ ಅದಕ್ಕೆ ತರಕಾರಿ ಎಂದಿದೆ. ಮಾತಿನಲ್ಲಿ ಅದು ನಂಚಿಕೊಳ್ಳುವ ಯಾವುದೇ ಪದಾರ್ಥ, ಮೀನಿನ ಸಾರೂ ಎಂಬೋಗಾವೇ. ಸೊಪ್ಪು ಬೇಕಾದರೆ ಎಂಬೋಗಾ ಜಾ ಮಜಾನಿ ಎಂದು ಕೇಳಿ.

ನೆಮ್ಮದಿಯಾಗಿ ಉಣ್ಣಬಹುದಾದದ್ದು ಬೇಕಾದಷ್ಟಿದೆ. ಮಹಾರಗೆ, ಅಂದರೆ ಹುರುಳಿಕಾಯಿ ಜಾತಿಯ ಕೆಂಪು ಕಾಳಿನ ಗಟ್ಟಿ ಸಾರು, ಹೆಚ್ಚುಕಮ್ಮಿ ದಿನಾ ಸಿಗುತ್ತದೆ. ಮ್ಚಿಚಾ ನಮ್ಮ ದಂಟಿನ ಸೊಪ್ಪಿನ ಕುಲದ್ದು. ಮತೆಂಬೆಲೆ ಗೆಣಸಿನ ಎಲೆ. ಚೊರೋಕೊ ಹೆಸರುಕಾಳು. ಮಕಾಂದೆ ಎಂದರೆ ಮೆಕ್ಕೆಜೋಳ ಮತ್ತು ಕಾಳು ಒಟ್ಟಿಗೆ ಗಂಟೆಗಟ್ಟಲೆ ಬೆಂದದ್ದು. ಮೊಸರಿಗೆ ಮ್ತಿಂದಿ ಎಂದು ಕೇಳಿ. ಚಪಾತಿ ಇದೆ, ಆದರೆ ಅದು ಮೈದಾದ್ದು, ಪದರ ಪದರವಾಗಿ ಎಣ್ಣೆ ಹಾಕಿದ್ದು, ನಮ್ಮ ಪರೋಟಾಗೆ ಹತ್ತಿರ. ವಿತುಂಬುವಾ ಎಂಬ ಅಕ್ಕಿಯ ಸಿಹಿ ತಿಂಡಿಯನ್ನು ನಮ್ಮ ಪಡ್ಡಿನ ಕಾವಲಿಯಂಥ ಗುಳಿ ಬಾಣಲೆಯಲ್ಲೇ ಮಾಡುತ್ತಾರೆ. ಬೆಳಗಿನ ತಿಂಡಿಗೇ ಚಾಯ್ ಎಂದು ಹೆಸರು. ‘ಕರೀಬು ಚಾಯ್’ ಎಂದರೆ ಬರೀ ಟೀಗೆ ಕರೆದದ್ದಲ್ಲ, ಬೇಯಿಸಿದ ಗೆಣಸೋ ಮಂದಾಜಿಯೋ (ಎಣ್ಣೆಯಲ್ಲಿ ಕರಿದ ಸಿಹಿ ಬನ್ನು) ಇರುತ್ತದೆ, ಕೂತು ತಿನ್ನಿ. ಟೀ ಬಲು ಸಿಹಿ. ಸಕ್ಕರೆ ಕಡಿಮೆ ಬೇಕಾದರೆ ಸುಕಾರಿ ಕಿದೋಗೊ ಎನ್ನಿ.

ಊಟಕ್ಕೆ ಮುಂಚೆ ಮನೆಯ ಕಿರಿಯರು ಬೋಗುಣಿ ಮತ್ತು ಬೆಚ್ಚನೆಯ ನೀರಿನ ಜಗ್ಗು ಹಿಡಿದು ಬರುತ್ತಾರೆ. ಕೂತಲ್ಲಿಂದಲೇ ಎರಡೂ ಕೈ ಚಾಚಿ ತೊಳೆದುಕೊಳ್ಳಿ. ಎದ್ದು ನಲ್ಲಿಗೆ ಓಡಬೇಡಿ. ಹೆಚ್ಚಿನ ಮನೆಗಳಲ್ಲಿ ಪ್ರಾರ್ಥನೆ ಇರುತ್ತದೆ, ಅದು ಮುಗಿಯುವವರೆಗೂ ತಟ್ಟೆ ಮುಟ್ಟಬೇಡಿ. ಮೊದಲ ಸಲ ಸ್ವಲ್ಪವೇ ಹಾಕಿಸಿಕೊಳ್ಳಿ, ಒಂಗೇಜಾ (ಇನ್ನಷ್ಟು ಹಾಕಿಕೊ) ಎಂಬ ಒತ್ತಾಯ ಬಂದೇ ಬರುತ್ತದೆ. ಎರಡನೇ ಸಲ ಹಾಕಿಸಿಕೊಂಡ ಮೇಲೆ ನಿಮೆಶೀಬಾ, ಹೊಟ್ಟೆ ತುಂಬಿತು, ಎಂದರೆ ಒಪ್ಪುತ್ತಾರೆ. ಎದ್ದೇಳುವಾಗ ಅಸಾಂತೆ ಕ್ವಾ ಚಕುಲಾ ಎಂದು ಅಡುಗೆ ಮಾಡಿದವರಿಗೆ ಹೇಳಿ. ನಮ್ಮ ಮನೆಗಳಲ್ಲಿ ಅಮ್ಮನಿಗೆ ಥ್ಯಾಂಕ್ಸ್ ಹೇಳುವ ವಾಡಿಕೆಯಿಲ್ಲ, ಅಲ್ಲಿ ಹೇಳದೆ ಎದ್ದರೆ ಊಟ ಹಿಡಿಸಲಿಲ್ಲ ಎಂದುಕೊಳ್ಳುತ್ತಾರೆ.

ಉಗಾಲಿ: ಮುದ್ದೆಯಲ್ಲದ ಮುದ್ದೆ

ಉಗಾಲಿ ಮಾಡಲು ಕಲಿತರೆ ಆ ಮನೆಯ ಅರ್ಧ ಪ್ರೀತಿ ನಿಮ್ಮದು. ನಾಲ್ಕೈದು ಜನಕ್ಕೆ 1 ಲೀಟರ್ ನೀರು, ಸುಮಾರು ಅರ್ಧ ಕಿಲೋ ಮೆಕ್ಕೆಜೋಳದ ಹಿಟ್ಟು. ಹೊಟ್ಟು ತೆಗೆದ ಬಿಳಿ ಹಿಟ್ಟಿಗೆ ಸೆಂಬೆ, ತೆಗೆಯದ ಹಿಟ್ಟಿಗೆ ದೋನಾ ಎನ್ನುತ್ತಾರೆ. ಉಪ್ಪು ಹಾಕುವುದಿಲ್ಲ.

1. ಹಿಡಿಯಿಲ್ಲದ ಅಲ್ಯೂಮಿನಿಯಂ ಪಾತ್ರೆ, ಅಂದರೆ ಸುಫುರಿಯಾದಲ್ಲಿ ನೀರು ಕಾಯಲಿಡಿ. ಎರಡು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಅದಕ್ಕೆ ಸುರಿದು ತಿರುವಿ.
2. ಗಂಜಿಯಾಗಿ ಚೆನ್ನಾಗಿ ಕುದಿಯಲಿ, ಮೂರ್ನಾಲ್ಕು ನಿಮಿಷ. ಇದನ್ನು ಅವಸರ ಮಾಡಿದರೆ ಉಗಾಲಿ ಹಸಿ ವಾಸನೆ ಬರುತ್ತದೆ.
3. ಉರಿ ತಗ್ಗಿಸಿ ಉಳಿದ ಹಿಟ್ಟನ್ನು ಹಿಡಿ ಹಿಡಿಯಾಗಿ ಹಾಕುತ್ತ ಮ್ವಿಕೊ ಎಂಬ ಚಪ್ಪಟೆ ಮರದ ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಮಗುಚಿ. ನಮ್ಮ ಹಾಗೆ ಹಿಟ್ಟನ್ನು ಒಮ್ಮೆಗೇ ಸುರಿದು ಮೇಲೆ ಬಿಟ್ಟು ಬೇಯಿಸಿದರೆ ಒಳಗೆ ಒಣ ಹಿಟ್ಟಿನ ಗಂಟು ಉಳಿಯುತ್ತದೆ.
4. ಪಾತ್ರೆ ಬಿಟ್ಟು ಒಂದೇ ಉಂಡೆಯಾಗಿ ತಿರುಗತೊಡಗಿದಾಗ ಇನ್ನೂ ಐದಾರು ನಿಮಿಷ ಮಗುಚಿ, ತಟ್ಟೆಗೆ ಕವುಚಿ.

ಪಾತ್ರೆ ಜಾರದಂತೆ ಒಬ್ಬರು ಬಟ್ಟೆಯಿಂದ ಹಿಡಿದುಕೊಂಡರೆ ಒಳ್ಳೆಯದು. ಕೋಲು ಹಾಕಿ ರಾಗಿಮುದ್ದೆ ತೊಳಸಿದ ಕೈಗೆ ಈ ಕೆಲಸ ಬೇಗ ಒಗ್ಗುತ್ತದೆ. ತಿನ್ನುವ ಬಗೆ ಮಾತ್ರ ಬೇರೆ: ಸಣ್ಣ ತುಂಡು ಮುರಿದು ಬಲ ಅಂಗೈಯಲ್ಲೇ ಉರುಟಾಗಿ ಹೊರಳಿಸಿ, ಹೆಬ್ಬೆರಳಿನಿಂದ ನಡುವೆ ಗುಳಿ ಮಾಡಿ, ಆ ಗುಳಿಯಲ್ಲಿ ಸೊಪ್ಪನ್ನೋ ಕಾಳನ್ನೋ ಎತ್ತಿಕೊಳ್ಳಬೇಕು. ಮುದ್ದೆಯಂತೆ ನುಂಗುವಂತಿಲ್ಲ, ಅಗಿದೇ ತಿನ್ನಬೇಕು. ನುಂಗಿದರೆ ಗಂಟಲಿಗೆ ಒತ್ತುತ್ತದೆ.

ರಾಗಿಯೂ ಅಲ್ಲಿದೆ, ಹೆಸರು ಉಲೇಜಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದದ್ದು. ಅದರ ಸಿಹಿ ಗಂಜಿಯನ್ನು ಮಕ್ಕಳಿಗೆ, ಬಾಣಂತಿಯರಿಗೆ ಕೊಡುತ್ತಾರೆ. ಹೊಟ್ಟೆ ಕೆಟ್ಟ ದಿನ ಉಜಿ ವಾ ಉಲೇಜಿ ಕೇಳಿ ಕುಡಿಯಿರಿ.

ಅಡುಗೆಮನೆಯಲ್ಲಿ ಕೈಜೋಡಿಸಲು ಸುಲಭದ ಕೆಲಸ ಅಕ್ಕಿ ಆರಿಸುವುದು. ಉಂಗೊ ಎಂಬ ಗುಂಡನೆಯ ಮೊರದಲ್ಲಿ ಅಕ್ಕಿ ಕೇರುವುದನ್ನು ಕಂಡರೆ ಕೇಳಿ ತೆಗೆದುಕೊಂಡು ಕೂರಿ. ಒಂದು ಮೊರ ಅಕ್ಕಿ ಕೇರಿ ಕಲ್ಲು ಆರಿಸಿಕೊಟ್ಟ ಸಂಜೆ, ಹತ್ತು ದಿನದ ಮಾತುಕತೆಯಲ್ಲಿ ಆಗದ ಸಲುಗೆ ಬೆಳೆಯುತ್ತದೆ. ಕಾಯಿ ತುರಿಯುವ ಮಣೆಗೆ ಎಂಬುಜಿ ಎನ್ನುತ್ತಾರೆ, ಆ ಪದಕ್ಕೆ ಆಡು ಎಂದೂ ಅರ್ಥ. ಮಡಿಚುವ ಮರದ ಪೀಠ, ಮುಂದೆ ಚಾಚಿದ ಹಲ್ಲಿನ ಕಬ್ಬಿಣದ ನಾಲಿಗೆ, ಅದರ ಮೇಲೆ ಕೂತು ಎರಡೂ ಕೈಯಿಂದ ಹೋಳನ್ನು ಕೆಳಮುಖವಾಗಿ ತುರಿಯಬೇಕು. ಮೊದಲು ಹಿಂಡಿದ ಗಟ್ಟಿ ಹಾಲನ್ನು ಎತ್ತಿಟ್ಟು, ಎರಡನೆಯ ನೀರು ಹಾಲಿನಲ್ಲಿ ಅನ್ನವನ್ನೋ ಕಾಳನ್ನೋ ಬೇಯಿಸಿ, ಗಟ್ಟಿ ಹಾಲನ್ನು ಕೊನೆಗೆ ಸೇರಿಸುತ್ತಾರೆ. ಮೊದಲೇ ಸುರಿದು ಜೋರಾಗಿ ಕುದಿಸಿದರೆ ಹಾಲು ಒಡೆಯುತ್ತದೆ. ಗಂಡಸರು ಅಡುಗೆಮನೆಗೆ ಬಂದರೆ ಕೆಲವು ಮನೆಗಳಲ್ಲಿ ನಗುತ್ತಾರೆ, ಎರಡು ದಿನಕ್ಕೆ ರೂಢಿಯಾಗುತ್ತದೆ. ಎರಡನೇ ವಾರ ಎಂಬಾಜಿ, ಮ್ಚಿಚಾ, ಉಕ್ವಾಜು ಹಾಕಿ ಒಂದು ಹುಳಿ ಮಾಡಿ ಬಡಿಸಿ. ಖಾರ ಅರ್ಧಕ್ಕಿಂತ ಕಡಿಮೆ ಇರಲಿ, ಅಲ್ಲಿನ ಮನೆಯೂಟ ಸಪ್ಪೆ. ಇಡಿ ತೊಗರಿಯಾದರೆ ಹಿಂದಿನ ರಾತ್ರಿಯೇ ನೆನೆಹಾಕಿ.

ನೀರು, ಸ್ನಾನ, ಬಟ್ಟೆ

ನಲ್ಲಿ ನೀರು ವಾರದ ಕೆಲವೇ ದಿನ ಬರುವ ಬೀದಿಗಳು ಹಲವು. ಡ್ರಮ್ಮು, ಬಕೆಟ್ಟು ತುಂಬಿಸಿಡುತ್ತಾರೆ. ಯಾವ ಡ್ರಮ್ಮು ಅಡುಗೆಗೆ, ಯಾವುದು ಬಚ್ಚಲಿಗೆ ಎಂದು ಮೊದಲ ದಿನವೇ ತೋರಿಸಿಕೊಳ್ಳಿ. ಸ್ನಾನಕ್ಕೆ 10 ಲೀಟರ್ ಸಾಕು: ನಾಲ್ಕೈದು ಲೀಟರ್ ಬಿಸಿನೀರು, ಉಳಿದದ್ದು ತಣ್ಣೀರು. ಆ ಬಿಸಿನೀರು ಇದ್ದಿಲ ಒಲೆಯಲ್ಲಿ ಕಾಯಬೇಕು. ಇದ್ದಿಲಿಗೆ ದುಡ್ಡು ಕೊಡಬೇಕು. ಹಾಗಾಗಿ ಬೆಳಗಿನ ಸ್ನಾನಕ್ಕೆ ಬಿಸಿನೀರು ಬೇಕೆಂದರೆ ಹಿಂದಿನ ರಾತ್ರಿಯೇ ತಿಳಿಸಿ, ಅಡುಗೆ ಒಲೆ ಖಾಲಿಯಿರುವ ಹೊತ್ತು ಕೇಳಿ. ಸಂಜೆ ಮನೆಗೆ ಬಂದಾಗ ‘ಹೋಗಿ ಸ್ನಾನ ಮಾಡು’ ಎಂದರೆ ನಿಮ್ಮ ಮೈ ನಾರುತ್ತಿದೆ ಎಂದಲ್ಲ, ದಣಿದು ಬಂದವರಿಗೆ ಹೇಳುವ ಅಕ್ಕರೆಯ ಮಾತು. ಕುಡಿಯುವ ನೀರು ಕುದಿಸಿದ್ದೇ ಆಗಿರಲಿ: ಗುಳ್ಳೆಯೆದ್ದು 1 ನಿಮಿಷ ಕುದಿಸಿ, ಮುಚ್ಚಿ ಆರಿಸಿದ ನೀರು.

ಒಳಬಟ್ಟೆಯನ್ನು ನೀವೇ ಒಗೆದುಕೊಳ್ಳಬೇಕು, ದಾದಾಗೆ ಕೊಡಬೇಡಿ. ಹೊರಗೆ ತಂತಿಯಲ್ಲಿ ಒಣಗಿಸುವುದಾದರೆ ಮೇಲೊಂದು ಕಾಂಗಾ, ಅಂದರೆ ಅಲ್ಲಿನ ಹೆಂಗಸರು ಸುತ್ತಿಕೊಳ್ಳುವ ಅಚ್ಚಿನ ಬಟ್ಟೆ, ಹೊದಿಸಿ. ಹೊರಗೆ ಒಣಗಿದ ಬಟ್ಟೆಗೆಲ್ಲ ಎರಡೂ ಬದಿ, ಅಂಚು ಮತ್ತು ಇಲಾಸ್ಟಿಕ್ ಪಟ್ಟಿ ಸಹಿತ, ಬಿಸಿ ಇಸ್ತ್ರಿ ಹಾಕಿ. ಇದು ಅಂದಕ್ಕಲ್ಲ. ಮ್ಯಾಂಗೋ ಫ್ಲೈ ಎಂಬ ನೊಣ ಹಸಿ ಬಟ್ಟೆಯ ಮೇಲೆ ಮೊಟ್ಟೆಯಿಡುತ್ತದೆ, ಮರಿ ಚರ್ಮ ಹೊಕ್ಕು ಕುರುವಾಗುತ್ತದೆ. ಬಿಸಿಗೆ ಮೊಟ್ಟೆ ಸಾಯುತ್ತದೆ. ನಡುವೆ ಸೂಜಿಮೊನೆಯಷ್ಟು ತೂತಿರುವ ಕುರು ಎದ್ದರೆ ಹಿಸುಕಬೇಡಿ, ಒಳಗೆ ಹುಳು ಒಡೆದರೆ ಕೀವಾಗುತ್ತದೆ. ಮೇಲೆ ದಪ್ಪಗೆ ವ್ಯಾಸಲೀನ್ ಹಚ್ಚಿ ಕ್ಲಿನಿಕ್‌ಗೆ ಹೋಗಿ. ಮುಟ್ಟಿನ ಬಟ್ಟೆ, ಪ್ಯಾಡು ಎಲ್ಲಿ ಹಾಕಬೇಕೆಂಬುದನ್ನು ನಾಚಿಕೊಳ್ಳದೆ ದಾದಾ ಅಥವಾ ಮಾಮಾಳನ್ನು ಕೇಳಿ. ಹಲವು ಮನೆಗಳಲ್ಲಿ ಕಸ ಸುಡುವ ಗುಂಡಿ ಇರುತ್ತದೆ.

ಕರೆಂಟು, ದುಡ್ಡು

ಮನೆಯ ಕರೆಂಟು ಲುಕು ಎಂಬ ಮುಂಗಡ ಮೀಟರಿನದು, ದುಡ್ಡು ಕಟ್ಟಿದಷ್ಟೇ ಉರಿಯುತ್ತದೆ. ನಿಮ್ಮ ಲ್ಯಾಪ್‌ಟಾಪು, ಇಸ್ತ್ರಿಪೆಟ್ಟಿಗೆ ಬಂದ ಮೇಲೆ ಮನೆಯ ಯೂನಿಟ್ಟು ಬೇಗ ಮುಗಿಯುತ್ತದೆ, ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳಿಗೊಮ್ಮೆ ನೀವೇ ಹಾಕಿಸಿ. ಮೀಟರ್ ನಂಬರು ಬರೆದುಕೊಂಡು ಮೊಬೈಲ್ ಹಣದಿಂದ ಕಟ್ಟಿದರೆ 20 ಅಂಕಿಗಳ ಸಂಖ್ಯೆ ಮೆಸೇಜಿನಲ್ಲಿ ಬರುತ್ತದೆ. ಅದನ್ನು ಮೀಟರಿನ ಗುಂಡಿಗಳಲ್ಲಿ ಒತ್ತಬೇಕು. ಒಂದು ಅಂಕಿ ತಪ್ಪಿದರೂ ತೆಗೆದುಕೊಳ್ಳುವುದಿಲ್ಲ, ಇನ್ನೊಬ್ಬರು ಓದಿ ಹೇಳಲಿ.

ಹಣದ ಎಣಿಕೆಯಲ್ಲಿ ನಮಗೊಂದು ಅನುಕೂಲ: ಅಲ್ಲಿಯೂ ಲಕ್ಷಕ್ಕೆ ಲಾಕಿ ಎನ್ನುತ್ತಾರೆ. ಲಾಕಿ ಮೋಜಾ ಎಂದರೆ ಒಂದು ಲಕ್ಷ ಶಿಲಿಂಗಿ. ಮನೆಗೆ ಕೊಡಬೇಕಾದ ಮೊತ್ತವನ್ನು ನಿಗದಿತ ತಾರೀಕಿಗೆ, ಒಬ್ಬರದೇ ಕೈಗೆ ಕೊಟ್ಟು ಬರೆದಿಡಿ. ಅದರಲ್ಲಿ ಏನೇನು ಸೇರಿದೆ, ಊಟ ಎಷ್ಟು ಹೊತ್ತು, ಎಂಬುದನ್ನು ಮೊದಲೇ ಮಾತಾಡಿ. ಊರಾಚೆ ಹೋಗಿ ಬಂದಾಗಲೆಲ್ಲ ಜವಾದಿ, ಅಂದರೆ ಉಡುಗೊರೆ, ತರಬೇಕು. ಒಂದು ಕಿಲೋ ಸಕ್ಕರೆ, ಬ್ರೆಡ್ಡು, ದಾರಿಯಲ್ಲಿ ಸಿಕ್ಕ ಹಣ್ಣು ಯಾವುದಾದರೂ ನಡೆಯುತ್ತದೆ. ಬರಿಗೈಯಲ್ಲಿ ಬಂದರೆ ಮಕ್ಕಳ ಮುಖ ಬಾಡುತ್ತದೆ. ಪೆಟ್ಟಿಗೆಯ ಅರ್ಧ ಉಡುಗೊರೆ ಉಳಿಸಿಕೊಳ್ಳಿ ಎಂದದ್ದು ಇಂಥ ದಿನಗಳಿಗೂ ಹೊರಡುವ ದಿನಕ್ಕೂ.

ಸಾಲ, ಮಕ್ಕಳ ಫೀಸು ಎಂದು ಕೇಳುವವರು ಸಿಗುತ್ತಾರೆ. ಕೊಡುವುದಾದರೆ ವಾಪಸು ಬರುವುದಿಲ್ಲವೆಂದು ತಿಳಿದೇ ಕೊಡಿ. ಆಗದಿದ್ದರೆ ‘ಸೀನಾ ಕ್ವಾ ಸಾಸಾ’, ಈಗ ನನ್ನ ಬಳಿ ಇಲ್ಲ, ಎಂದು ಒಂದೇ ಸಲ ಹೇಳಿ. ಇಂದು ನಾಳೆ ಎಂದು ಎಳೆಯುವುದು ಇಬ್ಬರಿಗೂ ಹಿಂಸೆ.

ಜ್ವರ ಬಂದರೆ

ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಯೇ ಮಲಗಿ, ಸುಮ್ಮನೆ ಇಳಿಬಿಟ್ಟರೆ ಉಪಯೋಗವಿಲ್ಲ. ಮಲೇರಿಯಾ ತಡೆ ಮಾತ್ರೆಯನ್ನು ಹೊರಡುವ ಕೆಲವು ವಾರ ಮೊದಲೇ ವೈದ್ಯರ ಬಳಿ ಕೇಳಿ. ಅಲ್ಲಿನ ಮಲೇರಿಯಾಗೆ ನಮ್ಮ ಹಳೆಯ ಕ್ಲೋರೋಕ್ವಿನ್ ನಾಟುವುದಿಲ್ಲ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ, 15-20 ನಿಮಿಷದಲ್ಲಿ ಫಲಿತಾಂಶ ಸಿಗುತ್ತದೆ. ಮಲೇರಿಯಾ ಎಂದಾದರೆ ಹೆಚ್ಚಾಗಿ ಮ್ಸೆಟೊ ಎಂಬ ಮಾತ್ರೆ ಕೊಡುತ್ತಾರೆ, 3 ದಿನದಲ್ಲಿ 6 ಬಾರಿ, ಹಾಲು ಅಥವಾ ಎಣ್ಣೆಯಂಶದ ಊಟದ ಜೊತೆ. ಎರಡನೇ ದಿನ ಜ್ವರ ಇಳಿಯಿತೆಂದು ನಿಲ್ಲಿಸಬೇಡಿ. ಭೇದಿಯಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಊರಿಗೆ ಮರಳಿದ ಮೇಲೆ ತಿಂಗಳುಗಳಾದರೂ ಜ್ವರ ಬಂದರೆ ಆಫ್ರಿಕಾದಲ್ಲಿದ್ದೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಮನಸ್ಸಿಗೆ ಮುಳ್ಳು ತಾಗುವ ಸಂದರ್ಭಗಳು

ಹಗಲಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ‘ಉನವುಮ್ವಾ?’, ಹುಷಾರಿಲ್ವಾ, ಎಂದು ಬಾಗಿಲು ಬಡಿಯುತ್ತಾರೆ. ಒಂಟಿಯಾಗಿರುವುದೆಂದರೆ ಕಾಯಿಲೆ ಅಥವಾ ಕೋಪ ಎಂದೇ ಅವರ ಲೆಕ್ಕ. ಓದಲು ಹೊತ್ತು ಬೇಕಾದರೆ ನಪುಂಜಿಕಾ ಕಿದೋಗೊ, ಸ್ವಲ್ಪ ವಿಶ್ರಾಂತಿ, ಎಂದು ಹೇಳಿಯೇ ಬಾಗಿಲು ಹಾಕಿ. ಸಂಜೆ ಒಂದು ಗಂಟೆಯಾದರೂ ಎಲ್ಲರ ಜೊತೆ ಜಗಲಿಯಲ್ಲೋ ಟೀವಿಯ ಮುಂದೋ ಕೂರಿ.

ಬೀದಿಯಲ್ಲಿ ನಿಮ್ಮನ್ನು ಮ್ಹಿಂದಿ ಎನ್ನುತ್ತಾರೆ, ಹಿಂದೂಸ್ತಾನದವರು ಎಂದು. ತಲೆಮಾರುಗಳಿಂದ ಅಲ್ಲಿ ನೆಲೆಸಿದ ಭಾರತೀಯ ಮೂಲದ ವ್ಯಾಪಾರಿ ಸಮುದಾಯವಿದೆ. ‘ಮ್ಹಿಂದಿಗಳು ನಮ್ಮ ಮನೆಗೆ ಬರುವುದಿಲ್ಲ, ನಮ್ಮ ಜೊತೆ ಉಣ್ಣುವುದಿಲ್ಲ’ ಎಂಬ ಹಳೆಯ ದೂರೂ ಇದೆ. ಯಾವ ಅಂಗಡಿ ನಿಮ್ಮದು ಎಂದು ಕೇಳಿಯಾರು, ಸಿಟ್ಟಾಗಬೇಡಿ. ತಟ್ಟೆಯನ್ನು ಬೇರೆ ಇಡುವುದು, ಅವರ ಲೋಟದ ನೀರು ಮುಟ್ಟದಿರುವುದು, ಮೈಬಣ್ಣದ ಬಗ್ಗೆ ನಗೆಯಾಡುವುದು, ಇವು ನಮ್ಮೂರಿನಿಂದ ನಾವು ಹೊತ್ತೊಯ್ಯುವ ರೋಗಗಳು. ಆ ಮನೆಯಲ್ಲಿ ಒಂದೇ ಒಂದು ಸಲ ತೋರಿಸಿದರೂ ಮರೆಯಲಾಗದಷ್ಟು ಚುಚ್ಚುತ್ತವೆ. ಕನ್ನಡದಲ್ಲಿ ಫೋನಿನಲ್ಲಿ ಮಾತಾಡುವಾಗಲೂ ಎಚ್ಚರ. ಭಾಷೆ ತಿಳಿಯದಿದ್ದರೂ ದನಿ ತಿಳಿಯುತ್ತದೆ.

ಏನಾದರೂ ಕಳೆದುಹೋದರೆ ಗದ್ದಲ ಎಬ್ಬಿಸುವ ಮೊದಲು ನಿಮ್ಮ ಪೆಟ್ಟಿಗೆಯನ್ನು ಮೂರು ಸಲ ಹುಡುಕಿ. ಮನೆಯಲ್ಲಿ ಕಳವಿನ ಮಾತು ಎದ್ದರೆ ಮೊದಲು ಬೆರಳು ತೋರಿಸುವುದು ಕೆಲಸದ ಹುಡುಗಿಯ ಕಡೆಗೆ. ಹಳ್ಳಿಯಿಂದ ಬಂದ ಆಕೆ ಅಂದೇ ಕೆಲಸ ಕಳೆದುಕೊಳ್ಳಬಹುದು. ಹಣ, ಪಾಸ್‌ಪೋರ್ಟು ಬೀಗದೊಳಗಿಡಿ, ಯಾರ ಮೇಲೂ ಅನುಮಾನ ಬರದಿರಲಿ ಎಂಬುದಕ್ಕಾಗಿಯೇ. ದೂರು ಇದ್ದರೆ ಮಕ್ಕಳ ಎದುರು, ಬಾಬಾನ ಎದುರು ಬೇಡ. ಮಾಮಾ ಒಬ್ಬಳೇ ಇದ್ದಾಗ, ಹಬಾರಿ ಎಲ್ಲ ಮುಗಿಸಿ, ಮೆಲ್ಲಗೆ ಹೇಳಿ. ಮಲಗುವ ಕೋಣೆಗೆ ಯಾರಾದರೂ ನುಗ್ಗುವುದು, ಮೈಮುಟ್ಟುವುದು ನಡೆದರೆ ಮಾತ್ರ ಈ ಮೆಲುದನಿ ಬೇಡ. ಅಂದೇ ನಿಮ್ಮನ್ನು ಕಳುಹಿಸಿದ ಸಂಸ್ಥೆಗೆ ತಿಳಿಸಿ, ಬೇರೆ ಮನೆಗೆ ಹೋಗಿ.

ಹೊರಡುವ ವಾರ

ಮಾಮಾಗೆ ಕೊಡಲು ಕಾಂಗಾಕ್ಕಿಂತ ಒಳ್ಳೆಯದಿಲ್ಲ. ಎರಡು ತುಂಡು ಕತ್ತರಿಸದೆ ಒಂದೇ ಬಟ್ಟೆಯಾಗಿ ಬರುತ್ತದೆ, ಒಂದು ಜೋಡಿಗೆ ದೋತಿ ಎನ್ನುತ್ತಾರೆ (ನಮ್ಮ ಧೋತಿಯಲ್ಲ). ಪ್ರತಿ ಕಾಂಗಾದ ಕೆಳ ಅಂಚಿನಲ್ಲಿ ಒಂದು ಮಾತು ಅಚ್ಚಾಗಿರುತ್ತದೆ. ಬಣ್ಣ ನೋಡಿ ಕೊಂಡರೆ ಕಷ್ಟ. ತಾಯಿಯನ್ನು ಹೊಗಳುವ, ದೇವರಿಗೆ ವಂದಿಸುವ ಮಾತುಗಳ ಪಕ್ಕದಲ್ಲೇ ಹೊಟ್ಟೆಕಿಚ್ಚಿನ ನೆರೆಮನೆಯವಳಿಗೆ, ಸವತಿಗೆ ಚುಚ್ಚುವ ಮಾತಿನವೂ ತೂಗಾಡುತ್ತಿರುತ್ತವೆ. ಅಂಗಡಿಯವರಿಂದಲೋ ದಾದಾಳಿಂದಲೋ ಓದಿಸಿ ಅರ್ಥ ತಿಳಿದು ಕೊಳ್ಳಿ. ದರ್ಜಿಯ ಬಳಿ ಕತ್ತರಿಸಿ ಅಂಚು ಹೊಲಿಸಿ ಕೊಡಿ. ಬಿಟ್ಟುಹೋಗುವ ಬಟ್ಟೆಗಳಿದ್ದರೆ ಒಗೆದು ಇಸ್ತ್ರಿ ಮಾಡಿ ಮಡಿಚಿ ಕೊಡಿ. ಮನೆಯವರ ಜೊತೆಗಿನ ಫೋಟೋಗಳನ್ನು ಕಾಗದದ ಮೇಲೆ ಪ್ರಿಂಟು ಹಾಕಿಸಿ. ಅವು ಗೋಡೆ ಏರುತ್ತವೆ.

ಹೊರಡುವ ಬೆಳಗ್ಗೆ ಮನೆಯ ಅರ್ಧ ಜನ ನಿಮ್ಮ ಪೆಟ್ಟಿಗೆ ಹಿಡಿದು ಬಸ್ ನಿಲ್ದಾಣದವರೆಗೆ ಬರುತ್ತಾರೆ. ಅತಿಥಿಯನ್ನು ದಾರಿವರೆಗೆ ಕಳಿಸಿಕೊಡುವ ಆ ಪದ್ಧತಿಗೆ ಕುಸಿಂದಿಕಿಜಾ ಎಂದು ಹೆಸರು. ತೊಂದರೆ ಯಾಕೆ ಎಂದು ತಡೆಯಬೇಡಿ, ಪೆಟ್ಟಿಗೆ ಹೊರಲು ಬಿಡಿ. ಊರು ತಲುಪಿದ ದಿನವೇ ಫೋನು ಮಾಡಿ ನಿಮೆಫೀಕಾ ಸಲಾಮಾ, ಸುಖವಾಗಿ ತಲುಪಿದೆ, ಎಂದು ಹೇಳಬೇಕು. ನಮ್ಮ ಗಡಿಯಾರ ಅವರಿಗಿಂತ ಎರಡೂವರೆ ಗಂಟೆ ಮುಂದಿದೆ. ಇಲ್ಲಿ ರಾತ್ರಿ 10 ಆದಾಗ ಅಲ್ಲಿ ಏಳೂವರೆ, ಉಗಾಲಿ ಮಗುಚುವ ಹೊತ್ತು. ಫೋನು ಎತ್ತಿದ ಕೂಡಲೇ ಮೊದಲು ಶಿಕಮೋ.